ಒಂದು ಗರಿ ಬಾಕಿ

ಆಗ ನನಗೆ ನಲವತ್ತೈದು. ಈಗ ಎಪ್ಪತ್ತು ದಾಟಿದೆ, ಅಂದರೆ ಇಪ್ಪತ್ತೈದು ವರ್ಷದ ಮೇಲಾಯಿತು. ನಾನು ಹೇಳುವುದು ರಾಮದುರ್ಗದ ಪತ್ತಾರ ಓಣಿಯಲ್ಲಿದ್ದ ನಮ್ಮ ಅಪ್ಪನ ಮನೆಯ ಮಾತು. ಹುಟ್ಟಿದ್ದು ಅದೇ ಮನೆಯಲ್ಲಿ, ಗಂಡ ಬೇಡವೆಂದ ಮೇಲೆ ತಿರುಗಿ ಬಂದದ್ದೂ ಅದೇ ಮನೆಗೆ. ನಡುವೆ ಮುನವಳ್ಳಿಯಲ್ಲಿ ಕಳೆದ ವರ್ಷಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ರೊಟ್ಟಿ ಬಡಿದೆ, ನೀರು ಹೊತ್ತೆ, ಮಕ್ಕಳಾಗಲಿಲ್ಲ, ಅವರು ಇನ್ನೊಬ್ಬಳನ್ನು ತಂದರು, ನಾನು ಬಸ್ಸು ಹತ್ತಿದೆ. ಮನೆಗೆ ಬಂದಾಗ ಅಪ್ಪ ಕುಲುಮೆಯ ಮುಂದೆ ಕುಂತಿದ್ದ. ತಲೆ ಎತ್ತಿ ನೋಡಿದ.

"ಉಂಡಿಯೇನು?"

"ಇಲ್ಲ."

"ಒಳಗ ಝುಣಕಾ ಐತಿ. ಉಣ್ಣು ಹೋಗು."

ಅಷ್ಟೇ. ಯಾಕೆ ಬಂದೆ, ಯಾವಾಗ ಹೋಗುತ್ತೀ ಎಂದು ಅವನು ಸಾಯುವ ತನಕ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆ ದೊಡ್ಡದಲ್ಲ. ಬೀದಿಗೆ ಪಡಸಾಲೆ, ಅದರ ಹಿಂದೆ ನಡುಮನೆ, ಬಲಕ್ಕೆ ಕತ್ತಲೆಯ ಅಡುಗೆ ಮನೆ, ಹಿತ್ತಲಲ್ಲಿ ಬಚ್ಚಲು ಮತ್ತು ಒಂದು ನುಗ್ಗೆ ಗಿಡ. ಪಡಸಾಲೆಯೇ ಅಪ್ಪನ ಕೆಲಸದ ಜಾಗ. ನೆಲದಲ್ಲಿ ಕುಲುಮೆ, ಬದಿಗೆ ತಿದಿ, ಕೊರಡಿನಲ್ಲಿ ನೆಟ್ಟ ಅಡಿಗಲ್ಲು, ಅರಗು ಬಳಿದ ಹಲಗೆ, ಬೆಳ್ಳಿ ಕೊರೆಯುವ ಚಾಣಗಳನ್ನು ಇಡುವ ತಗಡಿನ ಡಬ್ಬಿ. ಅಪ್ಪ ಕೂಡುವ ಮಣೆ ಅವನ ಕುಂಡಿಯ ಅಳತೆಗೆ ಸವೆದು ತಗ್ಗು ಬಿದ್ದಿತ್ತು. ಅದರ ಮೇಲೆ ಬೇರೆ ಯಾರೂ ಕೂಡುತ್ತಿರಲಿಲ್ಲ. ಹೆಣ್ಣುಮಕ್ಕಳು ಅದನ್ನು ದಾಟುವ ಹಾಗೂ ಇರಲಿಲ್ಲ, ಸುತ್ತಿ ಹೋಗಬೇಕು. ಹೊರಗೆ ಕುಲುಮೆಯ ಹೊಗೆ, ಒಳಗೆ ಒಲೆಯ ಹೊಗೆ. ನಮ್ಮ ಓಣಿಯ ಹುಡುಗರನ್ನು ಸಾಲೆಯಲ್ಲಿ ವಾಸನೆಯಿಂದಲೇ ಗುರುತು ಹಿಡಿಯುತ್ತಿದ್ದರು. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟೆ. ತಿದಿ ಒತ್ತುವವರು ಬೇಕಾಗಿತ್ತು.

ಮಣೆಯ ಎಡಕ್ಕೆ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಕೆಂಪು ಬಟ್ಟೆ ಸುತ್ತಿದ ಬೆಳ್ಳಿಯ ನವಿಲು. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಬೆನ್ನಿನ ಮೇಲೆ ಮುಚ್ಚಳ, ಮುಚ್ಚಳ ಎತ್ತಿದರೆ ಒಳಗೆ ಅತ್ತರಿನ ಹತ್ತಿ ಇಡುವಷ್ಟು ಜಾಗ. ಸಂಸ್ಥಾನ ಇದ್ದಾಗ ದರಬಾರಿನಲ್ಲಿ ಪಾನಸುಪಾರಿ ಆದ ಮೇಲೆ ಬಂದವರ ಕೈಗೆ ಅತ್ತರು ಹಚ್ಚುವುದಕ್ಕೆ ಅದು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಸಂಸ್ಥಾನದ ಪತ್ತಾರ, ಬೆಳ್ಳಿ ಬಂಗಾರದ ಕೆಲಸದವನು. ಬೆಳ್ಳಿ ಒಡೆಯರ ವಾಡೆಯಿಂದ ಬರುತ್ತಿತ್ತಂತೆ, ಜೋಳವೂ ವಾಡೆಯಿಂದಲೇ ಬರುತ್ತಿತ್ತಂತೆ, ಇವನು ಕುಂತು ಬಡಿಯುವುದಷ್ಟೇ. ನವಿಲನ್ನು ಮಾಡಿದವನು ಅವನೇ. ಎಷ್ಟೋ ವರ್ಷದ ಮೇಲೆ ಯಾರೋ ಬೀಳಿಸಿ ಬಾಲದ ಗರಿಗಳು ಮುರಿದು ಅವನ ಹತ್ತಿರವೇ ರಿಪೇರಿಗೆ ಬಂತು. ಮುರಿದ ಗರಿಗಳನ್ನು ಹೊಸದಾಗಿ ಮಾಡಿ ಕೂರಿಸಿದ. ಒಂದು ಉಳಿದಿತ್ತು. ತಗಡು ಕತ್ತರಿಸಿ ಆಕಾರ ಮಾಡಿಟ್ಟಿದ್ದ, ಮೇಲೆ ಕಣ್ಣು ಕೊರೆಯುವುದು, ಬೆಸೆಯುವುದು ಬಾಕಿ. ಅಷ್ಟರಲ್ಲಿ ಸಂಸ್ಥಾನವೇ ಹೋಯಿತು. ಮುತ್ಯಾ ಆ ಗರಿಯನ್ನು ನಶ್ಯದ ಡಬ್ಬಿಯಲ್ಲಿ ಹಾಕಿ ನವಿಲಿನ ಬದಿಗೆ ಇಟ್ಟ. ನಾನು ಆಗ ಹುಟ್ಟಿರಲಿಲ್ಲ.

ಒಂದು ಹೊತ್ತಿನ ಕೆಲಸ ಅದು. ಅಪ್ಪನಾದರೂ ಮುಗಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕೆಲಸ ಬಾಕಿ ಇರುವ ಸಾಮಾನು ಎಷ್ಟು ದಿನವಾದರೂ ಪತ್ತಾರನ ಮನೆಯಲ್ಲಿ ಇರಬಹುದು. ಮುಗಿದ ಸಾಮಾನು ಒಂದು ರಾತ್ರಿಯೂ ಇರಬಾರದು. ಹೊತ್ತು ಮುಳುಗುವುದರೊಳಗೆ ಅದರ ಧಣಿಯ ಮನೆ ಸೇರಬೇಕು. ಮುಗಿದ ಮೇಲೂ ಇಟ್ಟುಕೊಂಡರೆ ಅದು ಕದ್ದ ಹಾಗೆ. ಈ ಮಾತನ್ನು ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ, ನೋಡಿ ತಿಳಿದದ್ದು. ಅಪ್ಪ ಊಟಕ್ಕೆ ಕುಂತವನು ನೆನಪಾಗಿ ಅರ್ಧಕ್ಕೆ ಎದ್ದು, ಕೈ ತೊಳೆದು, ಯಾರದೋ ಉಡಿದಾರ ಕೊಟ್ಟುಬರಲು ಹೋಗುತ್ತಿದ್ದ. ಅವ್ವ ಅಡುಗೆ ಮನೆಯಿಂದಲೇ ಒದರುತ್ತಿದ್ದಳು.

"ರೊಟ್ಟಿ ಆರಾಕ ಹತ್ತ್ಯಾವು. ನಾಳೆ ಮುಂಜಾನೆ ಕೊಟ್ರ ಅವರ ಕೂಸಿನ ಸೊಂಟ ಎಲ್ಲಿ ಓಡಿ ಹೊಕ್ಕೈತಿ?"

ಒಮ್ಮೆ ಒಬ್ಬ ಗೌಡರ ಮನೆಯ ಬೆಳ್ಳಿ ಡಾಬು ಮಾಡಿದ್ದ. ಅಗಲವಾದ ಪಟ್ಟಿ, ನಡುವೆ ಎರಡು ಗಿಳಿ. ಮರುದಿನ ಸವದತ್ತಿಯಲ್ಲಿ ಅವ್ವನ ತಂಗಿಯ ಮಗಳ ಮದುವೆ. ಅವ್ವನ ಮೈಮೇಲೆ ಬೆಳ್ಳಿ ಎಂದರೆ ಕಾಲುಂಗುರ ಮಾತ್ರ. ಪತ್ತಾರನ ಹೆಂಡತಿಯ ಹಣೆಬರಹ ಅದೇ. ಅವತ್ತು ಬೆಲ್ಲದ ಚಹಾ ಮಾಡಿ ತಂದು ಅಪ್ಪನ ಮುಂದೆ ಇಟ್ಟಳು.

"ಒಂದ ಕೊಂಡಿ ಬಾಕಿ ಬಿಡ್ರಿ. ನಾಳಿಗೆ ಹಾಕ್ಕೊಂಡ ಹೋಗಿ ಬಂದಬಿಡತೇನಿ. ಆಮ್ಯಾಲ ಮುಗಿಸಿ ಕೊಡ್ರೆಲಾ."

"ಕೊಂಡಿ ಇಲ್ಲದ ಡಾಬು ನಿನ್ನ ಸೊಂಟದ ಮ್ಯಾಲ ಹೆಂಗ ನಿಂದರತೈತಿ?"

"ಕೈಲೆ ಹಿಡ್ಕೋತೇನಿ."

"ಮತ್ತ ಅಕ್ಕಿಕಾಳು ಯಾವ ಕೈಲೆ ಹಾಕ್ತಿ?"

ಅಪ್ಪ ನಕ್ಕ. ಅವ್ವ ಚಹಾದ ಕಪ್ಪು ತಿರುಗಿ ಒಯ್ದಳು. ಡಾಬು ಅವತ್ತೇ ಗೌಡರ ಮನೆಗೆ ಹೋಯಿತು. ಅವ್ವ ಮದುವೆಯಿಂದ ಬಂದು ಮೂರ್ನಾಲ್ಕು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪನಿಗೆ ಅದು ಗೊತ್ತಾಯಿತೋ ಇಲ್ಲವೋ. ಅವನು ಮೊದಲೇ ಮಾತು ಕಡಿಮೆ.

ನವಿಲನ್ನು ಹೊರಗೆ ತೆಗೆಯುವುದು ವರ್ಷಕ್ಕೆ ಒಂದು ಸಲ, ಖಂಡೆ ಪೂಜೆಗೆ. ಸುತ್ತಿಗೆ, ಚಾಣ, ಇಕ್ಕಳ ಎಲ್ಲ ತೊಳೆದು ಕಾಳಮ್ಮನ ಫೋಟೋದ ಮುಂದೆ ಸಾಲಾಗಿ ಇಡುತ್ತಿದ್ದೆವು. ನವಿಲನ್ನು ತೊಳೆಯುವ ಕೆಲಸ ನನ್ನದು. ಅಂಟವಾಳಕಾಯಿಯ ನೊರೆಯಲ್ಲಿ ಅದ್ದಿ, ಹಂದಿ ಕೂದಲಿನ ಬ್ರಷಿನಿಂದ ಗರಿಗರಿಯ ಸಂದಿಯಲ್ಲಿ ತಿಕ್ಕಬೇಕು. ಒಂದೊಂದು ಗರಿಗೂ ಒಂದು ಕಣ್ಣು, ಕಣ್ಣಿನ ಸುತ್ತ ಕೂದಲಿನಂಥ ಗೆರೆ. ಬಾಲದ ತುದಿಯಲ್ಲಿ ಒಂದು ಕಡೆ ಖಾಲಿ, ಹಲ್ಲು ಬಿದ್ದ ಹಾಗೆ. ಸಣ್ಣವಳಿದ್ದಾಗ ಕೇಳಿದ್ದೆ.

"ಅಪ್ಪಾ, ಆ ಗರಿ ಯಾಕ ಹಚ್ಚವೊಲ್ಲಿ?"

"ಹಚ್ಚಿದ್ರ ಒಯ್ದು ಕೊಡಬೇಕಾಗತೈತಿ."

"ಯಾರಿಗಿ?"

"ಅದ ಗೊತ್ತಿಲ್ಲ ನೋಡು."

ಆಮೇಲೆ ಕೇಳಲಿಲ್ಲ. ತಿದಿ ಒತ್ತುತ್ತ ನೋಡುತ್ತಿದ್ದೆ, ಅಷ್ಟೇ. ಹೆಣ್ಣುಹುಡುಗಿಗೆ ಚಾಣ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಡಾಲ್ಡಾ ಡಬ್ಬಿಯ ಮುಚ್ಚಳವನ್ನು ಚಪ್ಪಟೆ ಮಾಡಿ, ಬಿದ್ದ ಅರಗಿನ ಚೂರು ಕರಗಿಸಿ ಅದಕ್ಕೆ ಅಂಟಿಸಿ, ಮೊಳೆಯಿಂದ ಹಿತ್ತಲಲ್ಲಿ ಗರಿಯ ಕಣ್ಣು ಕೊರೆಯುತ್ತಿದ್ದೆ. ಅಪ್ಪ ಒಂದು ದಿನ ಬಚ್ಚಲಿಗೆ ಬಂದವನು ನೋಡಿದ. ಬೈಯಲಿಲ್ಲ, ಚೆನ್ನಾಗಿದೆ ಎನ್ನಲೂ ಇಲ್ಲ. ಮರುದಿನ ತಿದಿಯ ಹತ್ತಿರ ನಾನು ಕೂಡುವ ಕಡೆ ಒಂದು ತಾಮ್ರದ ತುಂಡು, ಮೊಂಡಾದ ಒಂದು ಚಾಣ ಬಿದ್ದಿದ್ದವು. ನನ್ನ ಕಲಿಕೆ ಎಂದರೆ ಅದು. ಗಂಡನ ಮನೆಯಿಂದ ಬಂದ ಮೇಲೆ ಸಣ್ಣ ಕೆಲಸವೆಲ್ಲ ನಾನೇ ಮಾಡುತ್ತಿದ್ದೆ, ಬಾಗಿಲು ಅರ್ಧ ಮುಚ್ಚಿ, ನೆಲದ ಮೇಲೆ ಕುಂತು. ಗಿರಾಕಿ ಬಂದರೆ ಚಾಣ ಅಪ್ಪನ ಕೈಗೆ ಹೋಗುತ್ತಿತ್ತು, ನಾನು ಅಡುಗೆ ಮನೆಗೆ. ಸಾಮಾನು ಅಪ್ಪನ ಹೆಸರಿನಲ್ಲಿ ಹೋಗುತ್ತಿತ್ತು. ನನಗೆ ಹೆಸರು ಬೇಕಿರಲಿಲ್ಲ. ಉಣ್ಣಲು ಇತ್ತು, ಮಲಗಲು ಜಾಗ ಇತ್ತು.

ನನ್ನ ತಮ್ಮ ಮೌನೇಶ ಕುಲುಮೆಗೆ ಕೂಡಲಿಲ್ಲ. ಬಜಾರಿನಲ್ಲಿ ಅಂಗಡಿ ಹಾಕಿ ಮಶೀನಿನಲ್ಲಿ ಮಾಡಿದ ಕಾಲ್ಗೆಜ್ಜೆ, ಕುಂಕುಮದ ಬಟ್ಟಲು ಮಾರುತ್ತಿದ್ದ. ಅದರಲ್ಲಿ ತಪ್ಪಿಲ್ಲ. ಜನರಿಗೆ ಅವೇ ಬೇಕಾಗಿದ್ದವು. ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಹೋಯಿತು, ನಾಲಿಗೆ ಅರ್ಧ ಹೋಯಿತು. ನಡುಮನೆಯಲ್ಲಿ ಹೊರಸಿನ ಮೇಲೆ ಮಲಗಿಸಿದೆವು. ಬಾಗಿಲು ತೆರೆದಿದ್ದರೆ ಅಲ್ಲಿಂದ ಅವನಿಗೆ ಕುಲುಮೆ ಕಾಣುತ್ತಿತ್ತು. ಮೌನೇಶನಿಗೆ ಪಡಸಾಲೆಯ ಮೇಲೆ ಕಣ್ಣಿತ್ತು. ಕುಲುಮೆ ಒಡೆದು, ಶಟರ್ ಹಾಕಿ, ಗಾಜಿನ ಕಪಾಟು ಇಟ್ಟು ಅಂಗಡಿಯನ್ನು ಮನೆಗೇ ತರಬೇಕೆಂದು. ಅದಕ್ಕೆ ದುಡ್ಡು ಬೇಕಿತ್ತು. ಬೆಳಗಾವಿಯಿಂದ ಹಳೆಯ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿಯನ್ನು ಒಂದು ದಿನ ಕರೆದುಕೊಂಡು ಬಂದ. ವ್ಯಾಪಾರಿ ನವಿಲನ್ನು ತಿರುಗಿಸಿ ನೋಡಿದ, ಬುಡಮೇಲು ಮಾಡಿ ನೋಡಿದ, ಮುಚ್ಚಳ ತೆಗೆದು ಮೂಸಿಯೂ ನೋಡಿದ.

"ಒಂದ ಗರಿ ಇಲ್ಲಲ್ರೀ."

"ಐತ್ರಿ. ಡಬ್ಬಿಯೊಳಗ ಐತಿ," ಎಂದ ಮೌನೇಶ.

"ಡಬ್ಬಿಯೊಳಗಿದ್ರ ನಾ ಏನ ಮಾಡ್ಲಿ? ಹಿಂಗಾದ್ರ ತೂಕದ ಮ್ಯಾಲ ತಗೋಬೇಕಾಗತೈತಿ. ಪೂರಾ ಮಾಡಿ ಕೊಡ್ರಿ, ಆಗ ಇದು ರಾಜರ ಸಾಮಾನು. ಮತ್ತ ತೊಳೀಬ್ಯಾಡ್ರಿ. ಕಪ್ಪಿದ್ದಷ್ಟೂ ಹಳೇದು ಕಾಣತೈತಿ."

ಒಳಗೆ ಅಪ್ಪ ಎಡಗೈಯಿಂದ ಹೊರಸಿನ ಕಟ್ಟಿಗೆ ಬಡಿದ. ವ್ಯಾಪಾರಿಯನ್ನು ಬೀದಿಯ ತನಕ ಬಿಟ್ಟು ಮೌನೇಶ ತಿರುಗಿ ಬಂದ.

"ಅದು ನಮ್ದಲ್ಲ," ಎಂದ ಅಪ್ಪ. ಮಾತು ತೊದಲಿದರೂ ತಿಳಿಯುತ್ತಿತ್ತು.

"ಐವತ್ತ ವರ್ಷ ಆತಪ್ಪಾ. ಕೇಳಾಕ ಯಾರರ ಬಂದ್ರೇನು?"

"ಅವರು ಬರೂದಲ್ಲ. ನಾವ ಒಯ್ಯೂದು."

"ಮತ್ತ ಯಾಕ ಒಯ್ಯಲಿಲ್ಲ ನೀ?"

ಇಟ್ಟುಕೊಳ್ಳುವ ಆಸೆ ಅಪ್ಪನಿಗೂ ಇತ್ತು, ಮುತ್ಯಾನಿಗೂ ಇತ್ತು. ಬಾಕಿ ಇಟ್ಟರೆ ಆಸೆಗೂ ಜಾಗ, ಕಟ್ಟಳೆಗೂ ಜಾಗ. ನಾನು ರೊಟ್ಟಿ ಬಡಿಯುತ್ತ ಎಲ್ಲ ಕೇಳುತ್ತಿದ್ದೆ. ಮೌನೇಶನ ಹೆಂಡತಿ ಸುಮಿತ್ರಾ ಬೆಳ್ಳುಳ್ಳಿ ಸುಲಿಯುತ್ತ ಕುಂತಿದ್ದಳು. ಗಂಡ ಒಳಗೆ ಬಂದ ಕೂಡಲೆ ಅಂದಳು.

"ಈ ಮನ್ಯಾಗ ಮುಗೀಲಾರದ ಸಾಮಾನು ಎರಡದಾವ ನೋಡ್ರಿ. ಒಂದು ಗೂಡಿನ್ಯಾಗ, ಒಂದು ಒಲಿ ಮುಂದ."

ಮೌನೇಶ ನಕ್ಕ. ನಾನು ರೊಟ್ಟಿ ಮಗುಚಿ ಹಾಕಿದೆ. ಮಾತು ಸುಳ್ಳೇನಲ್ಲ. ಗಂಡನ ಮನೆಯವರು ಪೂರ್ತಿ ಬಿಡಲೂ ಇಲ್ಲ, ಕರೆಯಲೂ ಇಲ್ಲ. ತಾಳಿ ಕೊರಳಲ್ಲೇ ಇತ್ತು.

"ಅಕ್ಕಾ, ಆ ಗರಿ ಒಂದ ಹಚ್ಚಿ ಕೊಟ್ಟಬಿಡು," ಎಂದ ಮೌನೇಶ. "ನಾಡದ ಮುಂಜಾನೆ ಅವ ಗಾಡಿ ತಗೊಂಡ ಬರತಾನ."

"ನನಗ ಹಚ್ಚಾಕ ಬರತೈತಂತ ನಿನಗ್ಯಾರ ಹೇಳಿದ್ರು?"

"ಓಣಿಗೆಲ್ಲಾ ಗೊತ್ತೈತಿ. ನಿನಗ ಒಬ್ಬಾಕಿಗೆ ಗೊತ್ತಿಲ್ಲ."

ಬಾಕಿ ಬಿಟ್ಟರೆ ಅವನು ತೂಕಕ್ಕೆ ಮಾರುತ್ತಿದ್ದ. ಕೊಂಡವನು ಕರಗಿಸುತ್ತಿದ್ದ. ಮುಗಿಸಿ ಕೊಟ್ಟರೆ ರಾಜರ ಸಾಮಾನೆಂದು ಮಾರುತ್ತಿದ್ದ. ಎರಡರಲ್ಲೂ ಅಪ್ಪ ಕಳ್ಳನಾಗುತ್ತಿದ್ದ, ಅದೂ ಹೊರಸಿನ ಮೇಲೆ ಮಲಗಿಕೊಂಡು, ಎದ್ದು ತಡೆಯಲಾಗದೆ. ನಾನು ಹಿಟ್ಟಿನ ಕೈ ತೊಳೆದುಕೊಂಡೆ.

"ಹಚ್ಚತೇನಿ," ಎಂದೆ.

ನಡುಮನೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಮರುದಿನ ಮೌನೇಶ ಅಂಗಡಿಗೆ, ಸುಮಿತ್ರಾ ಮಕ್ಕಳನ್ನು ಕರೆದುಕೊಂಡು ಮುರಗೋಡದ ತವರಿಗೆ ಹೋದರು. ನಾನು ಅಪ್ಪನಿಗೆ ಗಂಜಿ ಕುಡಿಸಿ, ನಡುಮನೆಯ ಬಾಗಿಲು ತೆರೆದು, ಕುಲುಮೆ ಹೊತ್ತಿಸಿದೆ. ಮಣೆ ಖಾಲಿ ಇತ್ತು. ಅದರ ಪಕ್ಕದಲ್ಲಿ ನೆಲದ ಮೇಲೆ ಕುಂತೆ. ಗರಿಯನ್ನು ಅರಗಿನ ಹಲಗೆಗೆ ಹಚ್ಚಿ ಕಣ್ಣು ಕೊರೆದೆ. ಮುತ್ಯಾ ಕೊರೆದ ಕಣ್ಣುಗಳ ಪಕ್ಕದಲ್ಲಿ ನನ್ನದು ಸ್ವಲ್ಪ ಸಣ್ಣದಾಯಿತು. ಬೆಳ್ಳಿ ಒಂದೇ, ಕೈ ಬೇರೆ, ಏನು ಮಾಡಲು ಬರುತ್ತದೆ. ಬೆಸೆಯುವುದಕ್ಕೆ ಬಿಳಿಗಾರ ಹಚ್ಚಿ ಊದುಗೊಳವೆ ಎತ್ತಿಕೊಂಡೆ. ಆಗ ಅಪ್ಪನ ದನಿ ಬಂತು.

"ಮಣ್ಣು."

ಮುಖ ಇತ್ತ ತಿರುಗಿತ್ತು. ಯಾವಾಗ ತಿರುಗಿದನೋ ಗೊತ್ತಿಲ್ಲ. ಮರೆತಿದ್ದೆ ನಾನು. ಹಸಿಮಣ್ಣು ಮೆತ್ತದೆ ಬೆಂಕಿ ಕೊಟ್ಟರೆ ಪಕ್ಕದ ಗರಿಗಳ ಹಳೆಯ ಬೆಸುಗೆ ಬಿಟ್ಟು ಬಾಲವೆಲ್ಲ ಉದುರುತ್ತಿತ್ತು. ಹಿತ್ತಲಿಂದ ಮಣ್ಣು ತಂದು ಕಲಸಿ ಗರಿಗಳಿಗೆ ಮೆತ್ತಿದೆ. ಊದಿದೆ. ಬೆಸುಗೆ ಕರಗಿ ಹಿಡಿಯಿತು. ಆರಿದ ಮೇಲೆ ಮಣ್ಣು ಬಿಡಿಸಿ, ಹುಣಸೆ ನೀರಲ್ಲಿ ಹಾಕಿ, ಅಂಟವಾಳಕಾಯಿ ನೊರೆ ಮಾಡಿ ಇಡೀ ನವಿಲನ್ನು ತಿಕ್ಕಿ ತೊಳೆದೆ. ವ್ಯಾಪಾರಿ ಬೇಡ ಎಂದಿದ್ದ. ಅವನ ಮಾತು ನನಗೆ ಯಾಕೆ. ಕೊಳೆ ಸಾಮಾನು ಯಾರೂ ಧಣಿಗೆ ಒಪ್ಪಿಸುವುದಿಲ್ಲ. ಒರೆಸಿ ತಂದು ಅಪ್ಪನ ಕಣ್ಣ ಮುಂದೆ ಹಿಡಿದೆ.

"ಮುಗೀತು," ಎಂದೆ.

ಅಪ್ಪ ಗರಿಯನ್ನು ಎಡಗೈ ಬೆರಳಿನಿಂದ ಅಲುಗಿಸಿ ನೋಡಿದ. ಅಲುಗಲಿಲ್ಲ. ಆಮೇಲೆ ಹೊರಗೆ ಓಣಿಯ ಬಿಸಿಲು ನೋಡಿದ.

"ಹೊತ್ತ ಮುಳಗೂದರೊಳಗ," ಎಂದ.

"ಅದಕ್ಕ ಮುಗಿಸೇನಿ," ಎಂದೆ.

ಕೆಂಪು ಬಟ್ಟೆ ಸುತ್ತಿ ಸೆರಗಿನ ಕೆಳಗೆ ಹಿಡಿದುಕೊಂಡು ವಾಡೆಗೆ ನಡೆದೆ. ಒಡೆಯರು ಯಾರೂ ಊರಲ್ಲಿರಲಿಲ್ಲ. ಕಾವಲಿನ ಇಮಾಮಸಾಬ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಜಗಿಯುತ್ತ ಕುಂತಿದ್ದ. ಅವನಪ್ಪನೂ ಅಲ್ಲೇ ಕಾವಲಿಗಿದ್ದವನು.

"ಏನಬೇ, ಇತ್ತಾಗ ಬಂದಿ?"

"ಸಾಮಾನು ಕೊಡಾಕ ಬಂದೇನ್ರಿ. ನಮ್ಮಲ್ಲಿ ರಿಪೇರಿಗೆ ಬಂದಿತ್ತು."

"ಯಾವಾಗ ಬಂದಿತ್ತು?"

"ನಾ ಹುಟ್ಟೂಕಿಂತ ಮೊದಲ."

ಅವನು ಎಲೆಯ ಬಾಯಿಯಲ್ಲೇ ನಕ್ಕ.

"ಭಾಳ ಲಗೂ ಮುಗಿಸಿದ್ರಿ ಬಿಡ ಕೆಲಸ!"

ಬಟ್ಟೆ ಬಿಚ್ಚಿದೆ. ನಗು ನಿಲ್ಲಿಸಿದ. ಎದ್ದು ನಿಂತು ಬಾಯಿಯ ಎಲೆ ಉಗಿದು ಬಂದ, ಕೈಯನ್ನು ಧೋತರಕ್ಕೆ ಒರೆಸಿಕೊಂಡ, ಆಮೇಲೆ ತೆಗೆದುಕೊಂಡ. ಒಳಗಿನ ಒಂದು ಕಪಾಟಿನಲ್ಲಿ ಇಟ್ಟು ನನ್ನ ಎದುರೇ ಕೀಲಿ ಹಾಕಿದ.

"ಒಡೆಯಾರ ಕಡಿಂದ ಯಾರರ ಬಂದ್ರ ಕೊಡತೇನಿ. ಯಾರ ತಂದ ಕೊಟ್ರಂತ ಹೇಳ್ಲಿ?"

"ಪತ್ತಾರರು ಕೊಟ್ರಂತ ಹೇಳ್ರಿ."

"ಕೂಲಿ?"

"ನಮ್ಮ ಮುತ್ಯಾ ತಗೊಂಡಿರಬೇಕು."

ನೀರು ಕೇಳಿದೆ, ಕೊಟ್ಟ. ಕುಡಿದು ಬಂದೆ. ದಾರಿಯಲ್ಲಿ ಏನನಿಸಿತು ಎಂದು ಕೆಲವರು ಕೇಳಿದ್ದಾರೆ. ಏನೂ ಅನಿಸಲಿಲ್ಲ. ಕೈ ಹಗುರಾಗಿತ್ತು, ಯಾಕೆಂದರೆ ಕೈಯಲ್ಲಿ ಏನೂ ಇರಲಿಲ್ಲ. ನವಿಲು ಆಮೇಲೆ ಎಲ್ಲಿ ಹೋಯಿತೋ ನಾನು ವಿಚಾರಿಸಲಿಲ್ಲ. ಕೊಟ್ಟ ಮೇಲೆ ಅದು ಪತ್ತಾರನ ಕೆಲಸವಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮೌನೇಶ ಗೂಡಿನ ಮುಂದೆ ನಿಂತಿದ್ದ. ನಶ್ಯದ ಡಬ್ಬಿ ಅವನ ಕೈಯಲ್ಲಿತ್ತು, ಖಾಲಿ.

"ಎಲ್ಲೈತಿ?"

"ಕೊಟ್ಟ ಬಂದೆ."

"ಯಾರಿಗಿ?"

"ವಾಡೇಕ. ಗರಿ ಹಚ್ಚಂದಿ, ಹಚ್ಚಿದೆ. ಮುಗೀತು. ಮುಗಿದಿದ್ದು ಮನ್ಯಾಗ ಇಟ್ಟೊಂಡ್ರ ಹೆಂಗ?"

ಅವನು ಡಬ್ಬಿಯನ್ನು ಗೋಡೆಗೆ ಒಗೆದ. ಬಾಯಿಗೆ ಬಂದದ್ದೆಲ್ಲ ಅಂದ. ಕೂಳಿಗೆ ದಂಡ ಅಂದ, ಗಂಡನಿಗೆ ಬೇಡಾದವಳು ಅಂದ. ನಾನು ದೀಪಕ್ಕೆ ಎಣ್ಣೆ ಹಾಕುತ್ತ ನಿಂತೆ. ಎಲ್ಲ ಮುಗಿದ ಮೇಲೆ ಸಾವಕಾಶ ಒಂದು ಮಾತು ಅಂದ. ಅದು ಮಾತ್ರ ನನಗೆ ನೆನಪಿದೆ.

"ನಿನ್ನ ಕೆಲಸಾನೂ ಮುಗೀತಲಾ ಈ ಮನ್ಯಾಗ. ಮುಗಿದಿದ್ದು ರಾತ್ರಿ ಇರಬಾರದಂತಿ. ನೀನೂ ನಡಿ ಮತ್ತ."

ಬಾಗಿಲು ತೆರೆದೇ ಇತ್ತು. ಹೋಗುವುದಾದರೆ ಮುನವಳ್ಳಿಗೆ ಹೋಗುವಂತಿರಲಿಲ್ಲ, ಬೇರೆ ಊರು ನನಗೆ ಗೊತ್ತಿರಲಿಲ್ಲ. ಎಣ್ಣೆಯ ಬಾಟಲಿ ಕೆಳಗಿಟ್ಟೆ. ಸೀರೆ ಎರಡಿದ್ದವು, ಗಂಟು ಕಟ್ಟಲು ಹೊತ್ತು ಬೇಕಾಗಿರಲಿಲ್ಲ. ನಡುಮನೆಗೆ ಹೋದೆ. ಅಪ್ಪ ಎಡಗೈ ಚಾಚಿ ನನ್ನ ಸೆರಗು ಹಿಡಿದ. ನನ್ನನ್ನು ನೋಡಲಿಲ್ಲ, ಮೌನೇಶನನ್ನು ನೋಡಿದ. ಬಾಯಿ ಎರಡು ಮೂರು ಸಲ ಆಡಿತು, ಆಮೇಲೆ ಮಾತು ಬಂತು.

"ಆಕೀದು... ಇನ್ನ ಬಾಕಿ ಐತಿ."

ಮನೆ ಇನ್ನೂ ಅಪ್ಪನದೇ. ಮೌನೇಶ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಅಪ್ಪನ ಕೈಯಿಂದ ಸೆರಗು ಬಿಡಿಸಿಕೊಂಡು ಅಡುಗೆ ಮನೆಗೆ ಹೋಗಿ ಒಲೆ ಹೊತ್ತಿಸಿದೆ. ಅವತ್ತು ಅನ್ನ, ನುಗ್ಗೆಕಾಯಿ ಸಾರು. ಮೂವರಿಗೂ ಮಾಡಿದೆ. ಮೌನೇಶನದು ಮುಚ್ಚಿಟ್ಟೆ.

ಮರುದಿನ ಮುಂಜಾನೆ ಎದ್ದು ಕಸ ಹೊಡೆದೆ. ಮೌನೇಶನ ತಟ್ಟೆ ತೊಳೆಯಲು ಬಿದ್ದಿತ್ತು, ಯಾವಾಗಲೋ ಬಂದು ಉಂಡಿದ್ದ, ಬೆಳಗಾವಿಯ ಗಾಡಿಗೆ ಬರಬೇಡವೆಂದು ಹೇಳಲು ಹೊತ್ತಿಗೆ ಮುಂಚೆಯೇ ಎದ್ದು ಹೋಗಿದ್ದ. ಅಪ್ಪನ ಮೈ ಒರೆಸಿ ಗಂಜಿ ಕುಡಿಸಿದೆ. ಆಮೇಲೆ ಪಡಸಾಲೆಯ ಬಾಗಿಲಿನ ಎರಡೂ ಕದ ತೆರೆದೆ. ಎದುರು ಮನೆಯ ಮುದುಕಿ ಸಗಣಿ ಸಾರಿಸುವುದನ್ನು ಬಿಟ್ಟು ನೋಡಿದಳು. ಅಗಸರ ಮನೆಯ ಕಾಲುಂಗುರ ಅರ್ಧ ಆಗಿದ್ದು ಡಬ್ಬಿಯಲ್ಲಿತ್ತು, ಅದನ್ನು ತೆಗೆದೆ. ಕುಲುಮೆಗೆ ಇದ್ದಿಲು ಹಾಕಿದೆ. ಮಣೆಯನ್ನು ಸುತ್ತಿ ಹೋಗಲಿಲ್ಲ. ಅದರ ಮೇಲೆ ಕುಂತೆ. ತಗ್ಗು ನನ್ನ ಅಳತೆಗೆ ಇರಲಿಲ್ಲ. ಎಡಕ್ಕೆ ಸ್ವಲ್ಪ ಸರಿದು, ಊದುಗೊಳವೆ ಬಾಯಿಗಿಟ್ಟು ಊದಿದೆ.